ಕ್ಯಾಂಟನ್‌ನ ನಲವತ್ತೆರಡು ಫೋನ್ ಕರೆಗಳು

ದಸ್ತಗೀರ್ ಸಾಹೇಬರು ಮಾಡಿದ ತಪ್ಪನ್ನು ಹೇಳುವ ಮೊದಲು ಅದರಲ್ಲಿ ನನ್ನ ಪಾಲು ಎಷ್ಟೆಂದು ಹೇಳಿಬಿಡುವುದು ನ್ಯಾಯ. ಆ ಮಾತನ್ನು ಅವರ ಕಿವಿಗೆ ಮೊದಲು ಹಾಕಿದವನು ನಾನು.

ನಾವಿಬ್ಬರೂ ಹನ್ನೊಂದು ವರ್ಷ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬಂದವರು. ಇಬ್ಬರ ಮನೆಯೂ ಮಿಶಿಗನ್ನಿನ ಕ್ಯಾಂಟನ್‌ನಲ್ಲಿ, ಒಂದೇ ಬಡಾವಣೆಯಲ್ಲಿ, ನಡುವೆ ನಾಲ್ಕೇ ಮನೆ. ಕೆಲಸ ಸುಮಾರು ಹದಿನೆಂಟು ಮೈಲಿ ಆಚೆ, ಡಿಯರ್‌ಬಾರ್ನ್‌ನಲ್ಲಿ. ಕಾರಿನ ಸೀಟುಗಳನ್ನು ಪರೀಕ್ಷೆ ಮಾಡುವ ಸಣ್ಣ ಕಂಪನಿ ಅದು. ಒಂದು ವಾರ ಅವರ ಕಾರು, ಒಂದು ವಾರ ನನ್ನದು. ನಾನು ಶಶಿಧರ, ಮೈಸೂರಿನವನು. ಅವರು ಬಿಜಾಪುರದವರು, ನನಗಿಂತ ಆರು ವರ್ಷ ದೊಡ್ಡವರು. ೧೯೮೮ರಲ್ಲಿ ಓದಲು ಬಂದು, ಎರಡು ವರ್ಷದ ನಂತರ ಹೆಂಡತಿ ಅಸ್ಗರಿಯನ್ನೂ ನಾಲ್ಕು ವರ್ಷದ ಮಗಳು ಮನಾಲ್‌ಳನ್ನೂ ಕರೆಸಿಕೊಂಡವರು.

ಆಫೀಸಿನಲ್ಲಿ ಅವರಷ್ಟು ಕಡಿಮೆ ಮಾತಿನ ಮನುಷ್ಯ ಇನ್ನೊಬ್ಬರಿರಲಿಲ್ಲ. ಸೀಟಿನ ಮೇಲೆ ಯಂತ್ರವೊಂದು ಲಕ್ಷಾಂತರ ಸಲ ಕೂತು ಏಳುತ್ತಿದ್ದರೆ ಇವರು ಪಕ್ಕದಲ್ಲಿ ನಿಂತು ಎಲ್ಲಿ ಬಟ್ಟೆ ಸವೆಯಿತು, ಎಲ್ಲಿ ಹೊಲಿಗೆ ಬಿಟ್ಟಿತು ಎಂದು ಬರೆದುಕೊಳ್ಳುವರು. ಊಟದ ಹೊತ್ತಿನಲ್ಲಿ ರಾಜಕೀಯ ಬಂದರೆ ತಟ್ಟೆ ತೊಳೆಯಲು ಎದ್ದು ಹೋಗುವರು. ೨೦೦೧ರ ವಸಂತದಲ್ಲಿ ಪೌರತ್ವ ಸಿಕ್ಕಿತು. ಅದೇ ಸೆಪ್ಟೆಂಬರಿನ ವಿಮಾನ ದಾಳಿಯ ನಂತರ ಆ ಮೌನ ಇನ್ನಷ್ಟು ಗಟ್ಟಿಯಾಯಿತು.

೨೦೦೨ರಲ್ಲಿ ಬಿಜಾಪುರದಲ್ಲಿ ತಮ್ಮನ ಮದುವೆ ಮುಗಿಸಿ ವಾಪಸ್ ಬರುವಾಗ ಅವರನ್ನು ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆದು ಗಾಜಿನ ಕೋಣೆಯೊಂದರಲ್ಲಿ ಮೂರು ಗಂಟೆ ಕೂರಿಸಿದ್ದರು. ಹೊರಗಿನ ಬೆಂಚಿನಲ್ಲಿ ಕೂತಿದ್ದ ಮನಾಲ್‌ಗೆ ಆಗ ಹದಿನಾರು. ಗಾಜಿನ ಆಚೆ ಅಪ್ಪ ಪ್ರತಿ ಪ್ರಶ್ನೆಗೂ ನಗುತ್ತ, ತಲೆಯಾಡಿಸುತ್ತ ಇದ್ದದ್ದನ್ನು ಅವಳು ನೋಡಿದಳು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಕೇಳಿದಳಂತೆ: "ಅಬ್ಬಾ, ಯಾಕೆ ನಗ್ತಿದ್ದಿರಿ?" ಈ ಸಂಗತಿಯನ್ನು ಅವರು ನನಗೆ ಹೇಳಿದ್ದೇ ಒಂದು ವರ್ಷದ ಮೇಲೆ.

ಅಧ್ಯಕ್ಷ ಚುನಾವಣೆಗೆ ಮೊದಲು ಇಲ್ಲಿ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿ ಯಾರೆಂದು ಒಂದೊಂದೇ ರಾಜ್ಯದಲ್ಲಿ ಓಟು ಹಾಕಿಸಿ ತೀರ್ಮಾನಿಸುತ್ತದೆ. ಒಂದೇ ಪಕ್ಷದವರು ಏಳೆಂಟು ಮಂದಿ ನಿಲ್ಲುತ್ತಾರೆ, ಕೊನೆಗೆ ಒಬ್ಬರು ಉಳಿಯುತ್ತಾರೆ. ೨೦೦೩ರ ಬೇಸಿಗೆಯಲ್ಲಿ ಮನಾಲ್ ಅಂಥ ಒಬ್ಬ ಅಭ್ಯರ್ಥಿಯ ಭಾಷಣವನ್ನು ಕಂಪ್ಯೂಟರಿನಲ್ಲಿ ಓದಿದಳು. ಆತನ ಹೆಸರು ಈ ಕಥೆಗೆ ಬೇಕಿಲ್ಲ. ಪಕ್ಷದ ದೊಡ್ಡವರು ಹಿಂದೆ ಮುಂದೆ ನೋಡುತ್ತಿದ್ದಾಗ ಯುದ್ಧ ತಪ್ಪು ಎಂದು ಗಟ್ಟಿಯಾಗಿ ಹೇಳಿದ ಮನುಷ್ಯ ಎಂದರೆ ಸಾಕು. ಆತನ ಬೆಂಬಲಿಗರು ತಿಂಗಳಿಗೊಮ್ಮೆ ಪಕ್ಕದೂರಿನ ಕಾಫಿ ಅಂಗಡಿಯೊಂದರಲ್ಲಿ ಸೇರುತ್ತಿದ್ದರು. ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಿಲ್ಲದೆ ದಸ್ತಗೀರ್ ಜೊತೆಗೆ ಹೋದರು. ಮೊದಲ ಸಲ ಕಾರಿನಲ್ಲೇ ಕೂತಿದ್ದರು. ಎರಡನೆಯ ಸಲ ಯಾರೋ ಬಂದು ಕಿಟಕಿ ತಟ್ಟಿ ಒಳಗೆ ಕರೆದರು. ಎದೆಗೆ ಹೆಸರಿನ ಚೀಟಿ ಅಂಟಿಸಿದರು. ನೀವೇಕೆ ಬಂದಿರಿ ಎಂದು ಎಲ್ಲರನ್ನೂ ಕೇಳುವಂತೆ ಇವರನ್ನೂ ಕೇಳಿದರು.

ಜೀವಮಾನದಲ್ಲಿ ಸಭೆಯೊಂದರಲ್ಲಿ ಬಾಯಿ ಬಿಡದ ಮನುಷ್ಯ ಅವತ್ತು ಎದ್ದು ನಿಂತು ಗಾಜಿನ ಕೋಣೆಯ ಕಥೆಯನ್ನು ಹೇಳಿಬಿಟ್ಟರು. "ಬೇಡ ಅನ್ನೋದನ್ನ ಬಾಯಿ ಬಿಟ್ಟು ಹೇಳೋ ಒಬ್ಬ ಮನುಷ್ಯ ನನಗೆ ಬೇಕು, ಯಾಕಂದ್ರೆ ನನಗೆ ಅದು ಬರಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತರಂತೆ. ಮಂದಿ ಚಪ್ಪಾಳೆ ತಟ್ಟಿದರು. ಮಗಳು ಮೇಜಿನ ಕೆಳಗೆ ಅವರ ಕೈ ಹಿಡಿದಳು. ಮಾರನೆಯ ಬೆಳಿಗ್ಗೆ ಕಾರು ಹತ್ತಿದಾಗ ಅವರ ಮುಖ ಬೇರೆಯೇ ಇತ್ತು.

ಆಮೇಲಿನ ಐದು ತಿಂಗಳು ಅವರು ನಡೆದದ್ದೇ ನಡೆದದ್ದು. ಕ್ಯಾಂಟನ್‌ನ ಕನ್ನಡದವರ ಮನೆ, ಮಸೀದಿಯಲ್ಲಿ ಪರಿಚಯವಾದವರ ಮನೆ, ಒಂದನ್ನೂ ಬಿಡಲಿಲ್ಲ. ಭಾನುವಾರ ಅಪ್ಪ ಮಗಳು ಖಾರಿ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದು ಕೂರುವರು. ಕನ್ನಡ ಬಾರದ, ಉರ್ದು ಅರೆಬರೆ ಬರುವ ಮನಾಲ್ ಇಂಗ್ಲಿಷಿನಲ್ಲಿ ವಿಷಯ ಹೇಳುವಳು. ದೊಡ್ಡವರಿಗೆ ಅರ್ಥವಾಗದ್ದನ್ನು ಇವರು ಕನ್ನಡದಲ್ಲೋ ಉರ್ದುವಿನಲ್ಲೋ ಬಿಡಿಸುವರು. ಕೊನೆಗೆ ಬೆಂಬಲದ ಕಾರ್ಡಿಗೆ ಸಹಿ ಹಾಕಿಸಿಕೊಳ್ಳುವರು. ನಾನೂ ಹಾಕಿದೆ. ಹೊಸ ವರ್ಷ ಬರುವಷ್ಟರಲ್ಲಿ ನಲವತ್ತೆರಡು ಕಾರ್ಡು ಆಗಿದ್ದವು. ಡೆಟ್ರಾಯಿಟ್‌ನ ಪ್ರಚಾರ ಕಚೇರಿಯಲ್ಲಿ ಅವರನ್ನು ಕ್ಯಾಂಟನ್‌ನ ಉಸ್ತುವಾರಿ ಎಂದು ಕರೆಯತೊಡಗಿದ್ದರು.

ಜನವರಿಯಲ್ಲಿ ಮೊದಲ ಎರಡು ರಾಜ್ಯಗಳ ಫಲಿತಾಂಶ ಬಂತು. ಎರಡರಲ್ಲೂ ಆತ ಸೋತ. ಗೆದ್ದವನು ಬೇರೊಬ್ಬ. ಟಿವಿಯಲ್ಲಿ ಕೂತವರೆಲ್ಲ ಒಂದೇ ಮಾತು ಹಿಡಿದರು: ಯುದ್ಧ ಹೂಡಿದ ಎದುರು ಪಕ್ಷದ ಹಾಲಿ ಅಧ್ಯಕ್ಷರನ್ನು ಸೋಲಿಸುವ ತಾಕತ್ತು ಯಾರಿಗಿದೆ? ನಾನು ಸಂಜೆ ಕೇಳಿದ್ದನ್ನು ಬೆಳಿಗ್ಗೆ ಕಾರಿನಲ್ಲಿ ಹೇಳುವೆ. ಕೆಟ್ಟ ಮನಸ್ಸಿನಿಂದಲ್ಲ, ಹದಿನೆಂಟು ಮೈಲಿ ಏನಾದರೂ ಮಾತಾಡಬೇಕಲ್ಲ.

"ನಿಮ್ಮ ಮನುಷ್ಯ ಒಳ್ಳೇವ್ರೇ ಸಾಹೇಬ್ರೆ. ಆದ್ರೆ ಗೆಲ್ಲಲ್ಲ. ಇವ್ರನ್ನ ನಿಲ್ಸಿದ್ರೆ ಇನ್ನೂ ನಾಲ್ಕು ವರ್ಷ ಈಗಿನ ಅಧ್ಯಕ್ಷ್ರೇ ಗ್ಯಾರಂಟಿ" ಎಂದೆ ಒಂದು ದಿನ.

ಅವರು ರಸ್ತೆಯನ್ನೇ ನೋಡುತ್ತಿದ್ದರು. "ಇನ್ನ ನಾಕ್ ವರ್ಸ" ಎಂದರು ಮೆಲ್ಲಗೆ. ಅದೇ ಮಾತನ್ನು ಇನ್ನೊಮ್ಮೆ ಅಂದರು. ಆ ವಾರವಿಡೀ ನಾನು ಅದನ್ನೇ ತಿರುಗಿಸಿ ಮುರುಗಿಸಿ ಹೇಳಿದೆ. ಅವರು ವಾದ ಮಾಡಲಿಲ್ಲ. ಅವರು ಹೆದರಿದ್ದಾರೆಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ರಾಜ್ಯದ ಸರದಿ ಫೆಬ್ರವರಿಯ ಒಂದು ಶನಿವಾರ. ಆ ವಾರದ ಬುಧವಾರ ಮತ್ತು ಗುರುವಾರ ಊಟದ ಹೊತ್ತಿನಲ್ಲಿ ದಸ್ತಗೀರ್ ಕ್ಯಾಂಟೀನಿಗೆ ಬರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು, ಕಾರ್ಡುಗಳ ಕಟ್ಟನ್ನು ಎದುರಿಗಿಟ್ಟುಕೊಂಡು, ನಲವತ್ತೆರಡು ಮಂದಿಗೂ ಫೋನ್ ಮಾಡಿದರು. ನನಗೆ ಮಾಡಿದ್ದು ಗುರುವಾರ. ನಾನು ಎರಡು ಕೋಣೆ ಆಚೆಯೇ ಇದ್ದೆ. ಎದುರು ಬಂದು ಹೇಳಬಹುದಿತ್ತು, ಆದರೂ ಫೋನೇ ಮಾಡಿದರು.

"ಶಶಿಧರ್ ಅವ್ರ, ನೀವು ಹೇಳಿದ್ದು ಬರೋಬ್ಬರಿ ಅನಸ್ತೈತಿ. ಶನಿವಾರ ಗೆಲ್ಲಾಂವಗ ಹಾಕೂಣ್ರಿ. ಎಲ್ಲಾರಿಗೂ ಹೇಳಾಕತ್ತೀನಿ." ಫೋನ್ ಇಡುವ ಮೊದಲು, "ಮನಾಲ್‌ಗ ಹೇಳಬ್ಯಾಡ್ರಿ. ಸಣ್ಣ ಹುಡುಗಿ, ಮನಸಿಗೆ ಹಚ್ಚಿಕೋತಾಳ" ಎಂದರು.

ಆಯಿತೆಂದೆ. ನಲವತ್ತೆರಡು ಮನೆಯವರೂ ಆಯಿತೆಂದರು. ಬೇರೆಯವನಿಗೆ ಓಟು ಹಾಕಿ ಎನ್ನುವುದರಲ್ಲಿ ಅಪರಾಧವೇನಿಲ್ಲ, ಮನಸ್ಸು ಬದಲಾಗುತ್ತದೆ. ಎರಡನೆಯ ಮಾತೇ ತಪ್ಪು. ಅದಕ್ಕೂ ನಾವೆಲ್ಲ ಒಪ್ಪಿಕೊಂಡೆವು.

ಶನಿವಾರ ನೀರು ಹೆಪ್ಪುಗಟ್ಟುವ ಚಳಿ, ಫ್ಯಾರನ್‌ಹೀಟ್‌ನಲ್ಲಿ ಹದಿನೆಂಟು ಡಿಗ್ರಿ. ಓಟು ಹಾಕಿಸುತ್ತಿದ್ದುದು ಸರ್ಕಾರವಲ್ಲ, ಪಕ್ಷವೇ. ಶಾಲೆಯೊಂದರಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಹತ್ತು ಗಂಟೆಯಿಂದ ನಾಲ್ಕರವರೆಗೆ ಮನಾಲ್ ಶಾಲೆಯ ಹೊರಗೆ ತನ್ನ ಅಭ್ಯರ್ಥಿಯ ಬೋರ್ಡು ಹಿಡಿದು ನಿಂತಿದ್ದಳು. ನವೆಂಬರಿನ ಹೊತ್ತಿಗೆ ಹದಿನೆಂಟು ತುಂಬುವವರೂ ಓಟು ಹಾಕಬಹುದಿತ್ತು, ಹಾಗಾಗಿ ಅದು ಅವಳ ಮೊದಲ ಓಟು. ಮೂಗು ಕೆಂಪಾಗಿತ್ತು. ಒಂದು ಹಾಳೆಯಲ್ಲಿ ನಮ್ಮೆಲ್ಲರ ಹೆಸರು ಬರೆದುಕೊಂಡು, ಬಂದವರ ಹೆಸರಿಗೆ ಟಿಕ್ ಹಾಕುತ್ತಿದ್ದಳು. "ಹಾಯ್ ಶಶಿ ಅಂಕಲ್! ಥ್ಯಾಂಕ್ ಯೂ ಫಾರ್ ಕಮಿಂಗ್!" ಎಂದು ನನ್ನ ಕೋಟಿಗೂ ಒಂದು ಸ್ಟಿಕ್ಕರ್ ಅಂಟಿಸಿದಳು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಅದೇ ಸ್ಟಿಕ್ಕರ್ ಎದೆಯ ಮೇಲಿರುವಂತೆಯೇ ಒಳಗೆ ಹೋಗಿ ಬೇರೆಯ ಹೆಸರಿಗೆ ಗುರುತು ಹಾಕಿದೆ. ದಸ್ತಗೀರ್ ನನಗಿಂತ ಮೊದಲೇ ಹಾಕಿ, ಮೂಲೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಲವತ್ತೆರಡರಲ್ಲಿ ಮೂವತ್ತೆಂಟು ಮಂದಿ ಬಂದಿದ್ದರು. ಮನಾಲ್ ಕುಣಿಯುವುದೊಂದು ಬಾಕಿ. ಎಣಿಕೆ ಮುಗಿದಾಗ ಅವಳ ಅಭ್ಯರ್ಥಿಗೆ ಆ ಶಾಲೆಯಲ್ಲಿ ಬಿದ್ದದ್ದು ಇಪ್ಪತ್ತೊಂದು ಓಟು. ಕಾಫಿ ಅಂಗಡಿಯ ಗೆಳೆಯರು, ಅವರ ಮನೆಯವರೇ ಹದಿನೆಂಟು ಮಂದಿ. ತಾನು, ಅಮ್ಮಿ, ಅಬ್ಬಾ ಸೇರಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಅವಳು ಹಾಳೆಯನ್ನು ತಿರುಗಿಸಿ ನೋಡಿದಳು, ಮತ್ತೆ ಎಣಿಸಿದಳು. ಎಲ್ಲೋ ತಪ್ಪಾಗಿದೆ ಎಂದು ಮೇಜಿನ ಬಳಿ ಹೋಗಿ ಕೇಳಿದಳು. ಅಲ್ಲಿದ್ದ ಹೆಂಗಸು ಅವಳ ಭುಜ ಸವರಿ ಕಳಿಸಿದಳು.

ಆತ ಆ ತಿಂಗಳು ಮುಗಿಯುವ ಮೊದಲೇ ಕಣದಿಂದ ಹಿಂದೆ ಸರಿದ. ಪ್ರಚಾರ ಕಚೇರಿಯಿಂದ ಕಾರ್ಯಕರ್ತರಿಗೆಲ್ಲ ಒಂದು ಪತ್ರ ಬಂತು. ನಿಮ್ಮ ಊರಿನಲ್ಲಿ ನಾವು ಯಾಕೆ ಸೋತೆವು, ನಿಮಗೆ ಕಂಡಂತೆ ಬರೆದು ಕಳಿಸಿ ಎಂದಿತ್ತು. ಬಹುಶಃ ಹೆಚ್ಚಿನವರು ಅದನ್ನು ಕಸದ ಬುಟ್ಟಿಗೆ ಹಾಕಿದರು. ಮನಾಲ್ ಹಾಕಲಿಲ್ಲ. ಕಾರ್ಡಿಗೆ ಸಹಿ ಹಾಕಿದ ಒಬ್ಬೊಬ್ಬರನ್ನೂ ಕೇಳಿಯೇ ಬರೆಯುತ್ತೇನೆಂದು ಹೊಸ ನೋಟುಬುಕ್ ತಂದಳು.

"ಅಬ್ಬಾ, ನೀವೂ ಬನ್ನಿ. ದೊಡ್ಡವರು ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಿ ಹೇಳಲ್ಲ. ನೀವು ಟ್ರಾನ್ಸ್‌ಲೇಟ್ ಮಾಡಿ" ಎಂದಳು.

ಅಸ್ಗರಿಗೆ ಫೋನುಗಳ ವಿಷಯ ಅಷ್ಟರಲ್ಲಿ ತಿಳಿದಿತ್ತು. ಮಗಳು ಚಳಿಯಲ್ಲಿ ನಿಂತದ್ದನ್ನು ನೋಡಿ ಅವಳ ಅಭ್ಯರ್ಥಿಗೇ ಓಟು ಹಾಕಿ ಬಂದವರು ಆಕೆ. ಆ ದಿನ ಗಂಡನನ್ನು ಅಡುಗೆಮನೆಗೆ ಕರೆದು, "ಈಗರ ಹೇಳಿಬಿಡ್ರಿ. ಆ ಹುಡುಗಿ ನಿಮ್ಮನ್ನ ಕರಕೊಂಡು ನಿಮ್ಮನ್ನ ಹುಡುಕಾಕ ಹೊಂಟಾಳ" ಎಂದರಂತೆ. ಅವರು ತಲೆ ತಗ್ಗಿಸಿ ಕೋಟು ಹಾಕಿಕೊಂಡು ಹೊರಗೆ ಹೋಗಿ ಕಾರು ಸ್ಟಾರ್ಟ್ ಮಾಡಿದರು.

ಮೊದಲ ಮನೆ ಹಲ್ಲಿನ ಡಾಕ್ಟರ್ ಮುಯೀನ್ ಅವರದು. ಮನಾಲ್ ನೋಟುಬುಕ್ ತೆರೆದು ಕೇಳಿದಳು. ಮುಯೀನ್ ಒಂದು ಗಳಿಗೆ ದಸ್ತಗೀರ್ ಕಡೆ ನೋಡಿದರು. ಗೆಳೆಯನನ್ನು ಮಗಳೆದುರು ಬಿಟ್ಟುಕೊಡುವುದು ಹೇಗೆ? ಆಮೇಲೆ ಹೇಳಿದರು, "ಟಿವಿಯಲ್ಲಿ ನೋಡಿದಾಗ ಸ್ವಲ್ಪ ಸಿಟ್ಟಿನ ಮನುಷ್ಯ ಅನ್ನಿಸ್ತಮ್ಮ." ಅವಳು ಬರೆದುಕೊಂಡಳು: ಸಿಟ್ಟು. ಎರಡನೆಯ ಮನೆಯಲ್ಲಿ, ಆತನಿಗೆ ಸೈನ್ಯದ ಅನುಭವ ಇಲ್ಲವಲ್ಲ ಎಂದರು. ಮೂರನೆಯ ಮನೆಯಲ್ಲಿ ಆತನ ದನಿ ಸರಿಯಿಲ್ಲವೆಂದಾಯಿತು. ಎಲ್ಲರೂ ದಸ್ತಗೀರರನ್ನು ಕಾಪಾಡಲು ಹೋಗಿ ಕಂಡು ಕೇಳರಿಯದ ಆ ಮನುಷ್ಯನ ಮೇಲೆ ಒಂದೊಂದು ದೋಷ ಹೊರಿಸಿದರು. ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿದ ಸುಳ್ಳನ್ನು ದಸ್ತಗೀರ್ ಇಂಗ್ಲಿಷಿಗೆ ತಿರುಗಿಸಿ ಮಗಳಿಗೆ ಕೊಟ್ಟರು.

ಐದನೆಯ ಮನೆ ನಮ್ಮದು. ನನ್ನ ಹೆಂಡತಿ ಛಾಯಾ ಟೀ ಇಡಲು ಒಳಗೆ ಹೋದವಳು ನಾವು ಮಾತು ಮುಗಿಸುವವರೆಗೂ ಹೊರಗೆ ಬರಲಿಲ್ಲ.

"ಅಂಕಲ್, ಬಿ ಆನೆಸ್ಟ್" ಎಂದಳು ಮನಾಲ್.

"ಅಧ್ಯಕ್ಷರ ಗತ್ತು ಇರ್ಲಿಲ್ಲಮ್ಮ ಅವ್ರಿಗೆ" ಎಂದೆ ಇಂಗ್ಲಿಷಿನಲ್ಲಿ.

ಅವಳು ಅದನ್ನೂ ಬರೆದುಕೊಂಡು ಥ್ಯಾಂಕ್ಸ್ ಹೇಳಿದಳು. ನನ್ನ ಮಗನ ವಯಸ್ಸಿನ ಹುಡುಗಿ. ಅವಳ ಅಕ್ಷರ ತುಂಬ ದುಂಡಗಿತ್ತು.

ಎರಡು ಭಾನುವಾರದಲ್ಲಿ ಹನ್ನೊಂದು ಮನೆ ಆದವು. ಎರಡನೆಯ ಭಾನುವಾರ ಮಧ್ಯಾಹ್ನ, ಕಾರಿನಲ್ಲಿ, ಅವಳು ನೋಟುಬುಕ್ ಮುಚ್ಚಿ ಕಿಟಕಿಯಾಚೆ ನೋಡುತ್ತ ಕೇಳಿದಳಂತೆ: "ಅಬ್ಬಾ, ನಾವೇ ತಪ್ಪು ಮನುಷ್ಯನನ್ನ ಆರಿಸಿಕೊಂಡಿದ್ವಾ? ಇಷ್ಟು ಜನಕ್ಕೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ?"

"ಇರಬಹುದು" ಎಂದರು ದಸ್ತಗೀರ್.

ಫೋನ್ ಮಾಡಿದ್ದಕ್ಕಿಂತ, ಅವಳನ್ನು ಚಳಿಯಲ್ಲಿ ನಿಲ್ಲಿಸಿದ್ದಕ್ಕಿಂತ, ಆ ಒಂದು ಮಾತು ತಮ್ಮನ್ನು ಹೆಚ್ಚು ಸುಟ್ಟಿತೆಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ.

ಹನ್ನೆರಡನೆಯ ಮನೆ ಶಾಂತವ್ವನದು. ಇಂಡಿಯನ್ ಅಂಗಡಿ ನಡೆಸುವ ಗುರುಶಾಂತಪ್ಪನ ತಾಯಿ. ಗದಗದ ಕಡೆಯವರು, ಎಪ್ಪತ್ತು ದಾಟಿದವರು. ಮಗನ ಜೊತೆ ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ಇಂಗ್ಲಿಷ್ ಹತ್ತಿರ ಸುಳಿದಿರಲಿಲ್ಲ. ಪೌರತ್ವದ ಪ್ರಶ್ನೆಗಳಿಗೂ ಕನ್ನಡದಲ್ಲೇ ಉತ್ತರ ಹೇಳಿ ಪಾಸಾದವರು. ಮಗ ಅಂಗಡಿಯಲ್ಲಿದ್ದ. ಆಕೆ ಒಬ್ಬರೇ ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಬಾರೋ ತಮ್ಮಾ. ಹುಡುಗೀನೂ ಕರಕೊಂಡ್ ಬಂದೀಯಲ್ಲ, ಚಲೋ ಆತು. ಕುಂದರ್ರಿ."

ಮನಾಲ್ ಕೇಳಿದ್ದನ್ನು ದಸ್ತಗೀರ್ ತಿರುಗಿಸಿದರು. "ಅವ್ವಾರ, ಆವತ್ತ ಓಟು ಯಾರಿಗೆ ಹಾಕಿದ್ರಿ ಅಂತ ಕೇಳಾಕತ್ಯಾಳ್ರಿ. ಹೇಳಾಕಬೇಕಂತೇನಿಲ್ಲ."

"ಹೇಳಾಕೇನ ಅಂಜಿಕಿ? ಈಕಿ ಹೇಳಿದಾತಗ ಹಾಕೀನಿ. ಮದಲ ಮನಿಗೆ ಬಂದಾಗ ನನ್ನ ಬಾಜೂಕ ಕುಂತು ಯಾವ ಗೆರಿಮ್ಯಾಲ ಗುರುತು ಮಾಡಬೇಕಂತ ತೋರಿಸಿಕೊಟ್ಟಾಳ ಈಕಿ. ಹೂಂ ಅಂದ ಮ್ಯಾಲ ಮುಗೀತು."

ಅಂದರೆ ಆ ಇಪ್ಪತ್ತೊಂದರಲ್ಲಿ ಇಪ್ಪತ್ತೊಂದನೆಯದು ಶಾಂತವ್ವನ ಓಟು. ಮನಾಲ್ ಅದನ್ನು ಅಪ್ಪನದೆಂದು ಲೆಕ್ಕ ಹಾಕಿಕೊಂಡಿದ್ದಳು. ದಸ್ತಗೀರ್ ಆಕೆ ಹೇಳಿದ್ದಷ್ಟನ್ನೂ ಮಗಳಿಗೆ ಹೇಳಿದರು. ಹುಡುಗಿಯ ಮುಖ ಅರಳಿತು. ಮೊದಲ ಸಲ ಒಬ್ಬರು ಮಾತು ಉಳಿಸಿಕೊಂಡಿದ್ದರು. ಅವಳು ಇನ್ನೊಂದು ಪ್ರಶ್ನೆ ಕೇಳಿದಳು: ಹಾಗಾದರೆ ಉಳಿದವರು ಯಾಕೆ ಹಾಕಲಿಲ್ಲ, ಅಜ್ಜಿಗೆ ಏನನ್ನಿಸುತ್ತದೆ?

ಶಾಂತವ್ವ ಬೆಳ್ಳುಳ್ಳಿಯಿಂದ ತಲೆ ಎತ್ತಿದರು. "ನನ್ನ ಯಾಕ ಕೇಳ್ತಾಳೋ? ನೀನ ಫೋನ್ ಮಾಡಿ ಹೇಳಿದ್ಯಲ್ಲ, ಆತಗ ಹಾಕಬ್ಯಾಡ್ರಿ, ಗೆಲ್ಲಾಂವಗ ಹಾಕ್ರಿ ಅಂತ. ನಾನೂ ಆವಾಗ ಹೂಂ ಅಂದೆ, ಖರೆ. ಆಮ್ಯಾಲ ಕುಂತು ವಿಚಾರ ಮಾಡಿದೆ. ಆತ ಗೆಲ್ಲೂದಿಲ್ಲ, ಅದಕ್ಕ ಹಾಕಬ್ಯಾಡ್ರಿ ಅಂದಿ. ಎಲ್ಲಾರಿಗೂ ಹಂಗ ಅಂದಿರ್ತಿ. ಯಾರೂ ಹಾಕದಿದ್ರ ಆತ ಹೆಂಗ ಗೆಲ್ತಾನ, ತಮ್ಮಾ? ಹಾಕದವ್ರೂ ನಾವ, ಗೆಲ್ಲಲಿಲ್ಲ ಅನ್ನಾವ್ರೂ ನಾವ."

ಮಗಳಿಗೆ ಹೇಳಬೇಡಿ ಎಂದದ್ದನ್ನು ಆಕೆ ಮರೆತಿದ್ದರೋ, ಬೇಕೆಂದೇ ಮರೆತರೋ, ಇಂದಿಗೂ ಯಾರಿಗೂ ಗೊತ್ತಿಲ್ಲ.

ಮನಾಲ್‌ಗೆ ಕನ್ನಡ ಬರುತ್ತಿರಲಿಲ್ಲ. ಪೆನ್ನು ಹಿಡಿದು ಕಾಯುತ್ತಿದ್ದಳು. "ಏನಂದ್ರು ಅಬ್ಬಾ?"

ಬೇರೆ ಏನು ಹೇಳಿದ್ದರೂ ಅವಳು ನಂಬುತ್ತಿದ್ದಳು. ಹನ್ನೊಂದು ಮನೆಗಳಲ್ಲಿ ನಂಬಿದ್ದಳು. ದಸ್ತಗೀರ್ ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಮೇಜಿನ ಮೇಲಿನ ಬೆಳ್ಳುಳ್ಳಿ ಸಿಪ್ಪೆಯನ್ನು ನೋಡುತ್ತ, ಇಂಗ್ಲಿಷಿನಲ್ಲಿ ಒಂದೊಂದೇ ಮಾತಾಗಿ ಹೇಳಿದರು. "ಅಜ್ಜಿ ಹೇಳ್ತಿದಾರೆ, ನಿನ್ನ ತಂದೆ ಫೋನ್ ಮಾಡಿದ್ರು ಅಂತ. ಅವರಿಗೆ ಹಾಕಬೇಡಿ ಅಂತ ಎಲ್ಲರಿಗೂ ಹೇಳಿದ್ರು ಅಂತ."

ತಮ್ಮನ್ನೇ "ನಿನ್ನ ತಂದೆ" ಎಂದರು. ನಾನು ಎನ್ನಲು ಬಾಯಿ ಬರಲಿಲ್ಲವಂತೆ. ಮನಾಲ್ ಅಭ್ಯಾಸದಿಂದ ಬರೆಯುತ್ತ ಹೋದಳು. ಅರ್ಧ ಸಾಲಿಗೆ ಪೆನ್ನು ನಿಂತಿತು.

ಮಿಕ್ಕದ್ದನ್ನೂ ಅವರು ಹೇಳಿ ಮುಗಿಸಿದರು. ಶಾಂತವ್ವ ಇಬ್ಬರ ಮುಖವನ್ನೂ ನೋಡಿ, ಎದ್ದು ಹೋಗಿ ಎರಡು ಲೋಟ ನೀರು ತಂದಿಟ್ಟರು. ಯಾರೂ ಕುಡಿಯಲಿಲ್ಲ.

ಕಾರಿನಲ್ಲಿ ಮನಾಲ್ ಕೇಳಿದ್ದು ಎರಡೇ ಪ್ರಶ್ನೆ.

"ಎಷ್ಟು ಜನಕ್ಕೆ?"

"ನಲವತ್ತೆರಡು."

"ನಾನು ಹೊರಗೆ ನಿಂತಿದ್ದಾಗ ಅವರಿಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಅಳಲಿಲ್ಲ. ಅತ್ತಿದ್ದರೆ ಒಂದು ರೀತಿ ಸುಲಭವಾಗುತ್ತಿತ್ತು ಎನ್ನುತ್ತಾರೆ ದಸ್ತಗೀರ್. ಮನೆ ಬಂದ ಮೇಲೆ ಬಾಗಿಲನ್ನು ಮೆತ್ತಗೆ ಮುಚ್ಚಿ ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ನನ್ನ ಕಾರಿನ ಸರದಿ. ಅವರು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ ಶುರುಮಾಡಿದವರು ಡಿಯರ್‌ಬಾರ್ನ್ ತಲುಪಿ ಕಾರು ನಿಲ್ಲಿಸಿದ ಮೇಲೂ ಹೇಳುತ್ತಲೇ ಇದ್ದರು. ಅವತ್ತು ನಾವಿಬ್ಬರೂ ಇಪ್ಪತ್ತು ನಿಮಿಷ ತಡವಾಗಿ ಒಳಗೆ ಹೋದೆವು.

"ಸಾಹೇಬ್ರೆ, ಮೊದ್ಲು ಆ ಮಾತು ಎತ್ತಿದ್ದು ನಾನಲ್ವಾ" ಎಂದೆ.

"ನೀವು ಹೇಳಿದ್ದು ಒಬ್ಬಾಂವಗ್ರಿ" ಎಂದರು. "ನಾ ಹೇಳಿದ್ದು ನಲವತ್ತೆರಡು ಮಂದಿಗೆ. ಅದೂ ಹೋಗ್ಲಿ. ಅಂಜಿದ್ದೆ, ಅಂಜಿ ಹೇಳಿದೆ. ಮಗಳನ್ನ ಯಾಕ ಮಂದಿ ಮುಂದ ಹುಚ್ಚಿ ಮಾಡಿದೆ ಹೇಳ್ರಿ?"

ಮನಾಲ್ ಆ ವರದಿಯನ್ನು ಬರೆದಳು. ಹನ್ನೊಂದು ಮನೆಯವರು ಹೇಳಿದ ಕಾರಣಗಳಲ್ಲಿ ಒಂದನ್ನೂ ಸೇರಿಸಲಿಲ್ಲ. ಗೆಲ್ಲುವುದಿಲ್ಲವೆಂದು ಬೆಂಬಲಿಗರೇ ಬೆಂಬಲಿಗರಿಗೆ ಹೇಳಿದರು, ನಮ್ಮ ಊರಿನಲ್ಲಿ ಅದನ್ನು ಹೇಳಿದವರು ನನ್ನ ತಂದೆ ಎಂದು ಒಂದೂವರೆ ಪುಟದಲ್ಲಿ ಬರೆದಿದ್ದಳು. ಅದನ್ನು ತಂದು ಅಪ್ಪನ ಎದುರಿಗಿಟ್ಟು, ಹೆಸರುಗಳ ಸ್ಪೆಲ್ಲಿಂಗ್ ಸರಿ ಇದೆಯಾ ನೋಡಿ ಎಂದಳು. ದಸ್ತಗೀರ್ ಓದಿ, ಸ್ಪೆಲ್ಲಿಂಗ್ ತಿದ್ದಿ, ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು: "ಇವರಲ್ಲಿ ಯಾರೂ ತಾವಾಗಿ ನಿಮ್ಮನ್ನು ಬಿಟ್ಟವರಲ್ಲ, ನಾನು ಬಿಡಿಸಿದೆ." ಅವಳು ಆ ಸಾಲನ್ನು ಹಾಗೇ ಬಿಟ್ಟು ಲಕೋಟೆ ಅಂಟಿಸಿದಳು. ಮೂರು ವಾರದ ನಂತರ ಲಕೋಟೆ ವಾಪಸ್ ಬಂತು. ಕಚೇರಿಯನ್ನು ಆಗಲೇ ಮುಚ್ಚಿದ್ದರು.

ಆಮೇಲೆ ಅವರು ನಲವತ್ತೆರಡು ಮನೆಗೂ ಹೋದರು. ಫೋನ್ ಮಾಡಲಿಲ್ಲ, ನಡೆದೇ ಹೋದರು. ಬಾಗಿಲಲ್ಲಿ ನಿಂತು, ನನ್ನ ಮಗಳಿಗೆ ಸುಳ್ಳು ಹೇಳಿ ಎಂದು ನಿಮ್ಮನ್ನು ಕೇಳಿಕೊಂಡದ್ದು ತಪ್ಪಾಯಿತು ಎಂದು ಹೇಳಿ ಬಂದರು. ಬಹಳ ಮಂದಿಗೆ ಮುಜುಗರವಾಯಿತು. ಮುಯೀನ್ ಅಪ್ಪಿಕೊಂಡು ಒಳಗೆ ಎಳೆದುಕೊಂಡರಂತೆ. ಇದೇನು ಇಷ್ಟು ದೊಡ್ಡದು ಮಾಡುತ್ತೀರಿ ಎಂದು ನಕ್ಕವರೂ ಇದ್ದರು. ನಮ್ಮ ಮನೆಗೆ ಬಂದಾಗ ನಾನೂ, "ಬಿಡಿ ಸಾಹೇಬ್ರೆ, ಆಗಿದ್ದಾಯ್ತು" ಎಂದೆ. ಅವರು ಹೋದ ಮೇಲೆ ಛಾಯಾ, "ನೀವೂ ಹೋಗಿ ಆ ಹುಡ್ಗಿಗೆ ಹೇಳ್ಬೇಕಿತ್ತು" ಎಂದಳು. ನಾನು ಹೋಗಲಿಲ್ಲ. ಹೋಗಬೇಕೆಂದುಕೊಂಡು ಕೋಟು ಹಾಕಿಕೊಂಡದ್ದು ಮಾತ್ರ ನಿಜ.

ಆ ನವೆಂಬರಿನಲ್ಲಿ, ಗೆಲ್ಲುತ್ತಾನೆಂದು ನಾವೆಲ್ಲ ಓಟು ಹಾಕಿದ್ದ ಮನುಷ್ಯ ಮಿಶಿಗನ್ನಿನಲ್ಲಿ ಗೆದ್ದು ದೇಶದಲ್ಲಿ ಸೋತ. ಹಾಲಿ ಅಧ್ಯಕ್ಷರೇ ಮತ್ತೆ ಬಂದರು. ಮನಾಲ್ ಆಗ ಕಾಲೇಜಿಗೆಂದು ಶಿಕಾಗೋದಲ್ಲಿದ್ದಳು. ಭಾನುವಾರ ಫೋನ್ ಮಾಡುವಳು, ಅಮ್ಮಿಯ ಜೊತೆ ಮಾತಾಡುವಳು. ಅಬ್ಬಾ ಫೋನ್ ತೆಗೆದುಕೊಂಡರೆ ಹವಾಮಾನ, ಪರೀಕ್ಷೆ, ಕಾರಿನ ಆಯಿಲ್ ಬದಲಾಯಿಸಿದ್ದು, ಅಷ್ಟರಲ್ಲಿ ಮಾತು ಮುಗಿಯುವುದು. ಅಂಥ ಭಾನುವಾರಗಳು ಮೂರು ವರ್ಷ ನಡೆದವು.

೨೦೦೮ ಬಂತು. ಮತ್ತೆ ಪಕ್ಷದೊಳಗಿನ ಆಯ್ಕೆ, ಮತ್ತೆ ಅದೇ ಟಿವಿ, ಅದೇ ಪ್ರಶ್ನೆ. ದಸ್ತಗೀರ್ ಯಾರ ಮನೆಗೂ ಹೋಗಲಿಲ್ಲ. ಯಾರಾದರೂ ಅಭಿಪ್ರಾಯ ಕೇಳಿದರೆ, "ನನ್ನ ಮಾತು ಕೇಳಬ್ಯಾಡ್ರಿ" ಎಂದು ನಗದೆ ಹೇಳುವರು. ಜನವರಿಯ ಕೊನೆಯಲ್ಲಿ ಮನಾಲ್ ಫೋನ್ ಮಾಡಿ ಅಬ್ಬಾಗೆ ಕೊಡಿ ಎಂದಳು. ಓದು ಮುಗಿಸುವ ಹಂತದಲ್ಲಿದ್ದ ಅವಳು ವಯಸ್ಸಾದವರನ್ನು ಓಟಿನ ಜಾಗಕ್ಕೆ ಕರೆದೊಯ್ಯುವ ಸಂಘವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಆ ಸಂಘ ಯಾವ ಅಭ್ಯರ್ಥಿಯದೂ ಅಲ್ಲ. ಉರ್ದು ಬರುವ ಡ್ರೈವರ್ ಸಾಲುತ್ತಿಲ್ಲ, ಓಟಿನ ದಿನ ಮಂಗಳವಾರ ಬರ್ತೀರಾ ಎಂದು ಕೇಳಿದಳು.

ಅವರು ರಜೆ ಹಾಕಿ, ಸೋಮವಾರ ಮಧ್ಯಾಹ್ನವೇ ಹೊರಟು, ಹಿಮದಲ್ಲಿ ಇನ್ನೂರ ಎಪ್ಪತ್ತು ಮೈಲಿ ಓಡಿಸಿಕೊಂಡು ಶಿಕಾಗೋ ಸೇರಿದರು. ಬೆಳಿಗ್ಗೆ ಮಗಳು ವಿಳಾಸಗಳ ಹಾಳೆ ಕೊಟ್ಟು ಹೇಳಿದಳು: "ಒಂದೇ ರೂಲ್, ಅಬ್ಬಾ. ಯಾರಿಗೆ ಹಾಕಬೇಕು ಅಂತ ಯಾರಿಗೂ ಹೇಳೋ ಹಾಗಿಲ್ಲ." ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ತುಟಿ ಕಚ್ಚಿಕೊಂಡಳಂತೆ. ದಸ್ತಗೀರ್ ತಲೆಯಾಡಿಸಿ ಹಾಳೆ ತೆಗೆದುಕೊಂಡರು.

ಅವತ್ತು ಹತ್ತೊಂಬತ್ತು ಮಂದಿಯನ್ನು ಕರೆದೊಯ್ದು ಮನೆ ಮುಟ್ಟಿಸಿದರು. ಹೈದರಾಬಾದಿನ ಮುದುಕಿಯೊಬ್ಬಳು ಹಿಂದಿನ ಸೀಟಿನಲ್ಲಿ ಕೂತು, "ಬೇಟಾ, ಯಾರು ಗೆಲ್ತಾರೆ? ಅವರಿಗೇ ಹಾಕ್ತೀನಿ" ಎಂದು ಉರ್ದುವಿನಲ್ಲಿ ಕೇಳಿದಳಂತೆ. ಗೊತ್ತಿಲ್ಲಮ್ಮ ಎಂದರು. ಇಷ್ಟು ದೂರ ಓಡಿಸುತ್ತೀಯ, ಇಷ್ಟೂ ಗೊತ್ತಿಲ್ಲವಾ ಎಂದು ಆಕೆ ರೇಗಿದಳು. "ಗೊತ್ತಿಲ್ಲಮ್ಮ, ಗೆಲ್ಲೋದು ನನಗೆ ಯಾವತ್ತೂ ಗೊತ್ತಾಗಿಲ್ಲ" ಎಂದು ಹೇಳಿ, ಇಳಿಯುವಾಗ ಹಿಮದಲ್ಲಿ ಜಾರದಂತೆ ಕೈ ಹಿಡಿದು ಬಾಗಿಲವರೆಗೆ ಬಿಟ್ಟು ಬಂದರು. ಇದನ್ನು ಅವರು ಮಗಳಿಗೆ ಹೇಳಲಿಲ್ಲ, ನನಗೆ ಹೇಳಿದರು.

ಸಂಜೆ ಅಸ್ಗರಿ ಕಟ್ಟಿಕೊಟ್ಟಿದ್ದ ಪರಾಠವನ್ನು ಅಪ್ಪ ಮಗಳು ಕಾರಿನಲ್ಲೇ ಕೂತು ತಿಂದರು. ಮನಾಲ್ ಅಮ್ಮಿಯ ಮಂಡಿನೋವು ಹೇಗಿದೆ ಎಂದು ಕೇಳಿದಳು. ಆಮೇಲೆ ತನ್ನ ಕೆಲಸದ ಕಷ್ಟಗಳನ್ನು ಸುಮಾರು ಹೊತ್ತು ಹೇಳಿದಳು. ಹಳೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಕ್ಷಮಿಸಿದ್ದೇನೆಂದು ಅವಳು ಹೇಳಿಲ್ಲ, ಇವರು ಕೇಳಿಯೂ ಇಲ್ಲ. ಈಗ ಭಾನುವಾರದ ಫೋನಿನಲ್ಲಿ ಅರ್ಧ ಗಂಟೆ ಇವರ ಪಾಲಿಗೂ ಬರುತ್ತದೆ.

ನಾನು ಮಾತ್ರ ಮನಾಲ್ ಊರಿಗೆ ಬಂದಾಗಲೆಲ್ಲ ಅವರ ಮನೆಗೆ ಹೋಗಿ, ಟೀ ಕುಡಿದು, ಅವಳ ಕೆಲಸದ ಬಗ್ಗೆ ವಿಚಾರಿಸಿ ಎದ್ದು ಬರುತ್ತೇನೆ. ಅವಳು ಈಗಲೂ ಶಶಿ ಅಂಕಲ್ ಎಂದೇ ಕರೆಯುತ್ತಾಳೆ. ಗತ್ತಿನ ಆ ಮಾತು ಸುಳ್ಳೆಂದು ಅವಳಿಗೆ ಗೊತ್ತು. ಅದು ಸುಳ್ಳೆಂಬ ಮಾತು ನನ್ನ ಬಾಯಿಂದ ಇನ್ನೂ ಬಂದಿಲ್ಲ.